ಏಮಿ ಜಾನ್ಸನ್ನಳ ಕಾಗದಪತ್ರಗಳು

ಬುಂದೇಲಖಂಡದ ಬೇಸಗೆಯ ಒಂದು ಇಳಿಹೊತ್ತು. ಝಾನ್ಸಿಯ ದಂಡುಪ್ರದೇಶದಲ್ಲಿ ನೆಲವೂ ಗಾಳಿಯೂ ಒಂದೇ ಕಾವಿನಲ್ಲಿ ಬೇಯುತ್ತಿರುವಾಗ, ಒಂದರ ಮೇಲೊಂದು ರೆಕ್ಕೆಯುಳ್ಳ ಚಿಕ್ಕದೊಂದು ಹಸುರು ವಿಮಾನವು ಆಕಾಶದ ಮೂಲೆಯಿಂದ ಇಳಿದುಬಂದು, ಕವಾಯತು ಮೈದಾನವನ್ನು ಮುಟ್ಟಿ, ಅಲ್ಲಿ ನಿಲ್ಲಲಾರದೆ ಸಿಪಾಯಿಗಳ ಬ್ಯಾರಕುಗಳತ್ತ ಓಡಿ, ರೆಕ್ಕೆಯನ್ನು ಪೆಟ್ಟುಮಾಡಿಕೊಂಡು ನಿಲ್ಲುತ್ತದೆ. ಸುತ್ತ ನೆರೆದ ಸೈನಿಕರ ಎದುರಿಗೆ, ಅದರ ತೆರೆದ ಆಸನದಿಂದ, ಬಿಸಿಲಿಗೆ ಮುಖ ಸುಟ್ಟುಹೋದ ಒಬ್ಬ ತರುಣಿ ಮೇಲೇಳುತ್ತಾಳೆ. ಜೊತೆಗೆ ಬೇರೊಬ್ಬರಿಲ್ಲ. ದಿನಾಂಕ 1930ನೆಯ ಇಸವಿಯ ಮೇ 11. ಲಂಡನ್ನಿನ ಕ್ರಾಯ್ಡನ್ ವಿಮಾನನಿಲ್ದಾಣವನ್ನು ಬಿಟ್ಟು ಆಕೆಗೆ ಅದು ಏಳನೆಯ ದಿನ; ಸೇರಬೇಕಾದುದು ಆಸ್ಟ್ರೇಲಿಯವನ್ನು.

ಏಮಿ ಜಾನ್ಸನ್ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಶಾಲೆಯ ದಿನಗಳಲ್ಲಿ ಸಾಮಾನ್ಯಜ್ಞಾನದ ಪುಸ್ತಕದಲ್ಲಿ ಓದಿರುವುದುಂಟು: ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿದ ಪ್ರಥಮ ಮಹಿಳೆ. ಆ ಒಂದು ಪಂಕ್ತಿಯಿಂದಾಚೆಗೆ ಆಕೆ ಎಂಥವಳು, ಆ ಸಾಹಸಕ್ಕೆ ಬೇಕಾದ ಸಾಮರ್ಥ್ಯವನ್ನು ಎಲ್ಲಿ ಸಂಪಾದಿಸಿದಳು, ಆಕೆಯ ಅಂತ್ಯ ಹೇಗಾಯಿತು ಎಂದು ಕೇಳಹೊರಟವನು ವಿಮಾನಗಳ ಲೋಕವನ್ನು ಬಿಟ್ಟು ಕಾಗದಗಳ ಲೋಕವನ್ನು ಹೊಗಬೇಕಾಗುತ್ತದೆ. ಝಾನ್ಸಿಯ ಗಳಿಗೆಯಂಥದೊಂದು ಗಳಿಗೆಯು ವಿಮಾನದ ದಿನಚರಿಯಲ್ಲಿ ಎರಡು ಸಾಲಾಗಿಯೂ, ಪತ್ರಿಕೆಯ ತಂತಿವಾರ್ತೆಯಲ್ಲಿ ಅದ್ಭುತರಸವಾಗಿಯೂ, ಮನೆಗೆ ಬರೆದ ಓಲೆಯಲ್ಲಿ ಆಯಾಸವಾಗಿಯೂ, ವರ್ಷಗಳ ಮೇಲೆ ಬರೆದ ಸ್ಮೃತಿಯಲ್ಲಿ ಸುಂದರವಾದ ಕಥೆಯಾಗಿಯೂ ಕಾಣಿಸಿಕೊಳ್ಳುವುದು ಸಹಜ. ಈ ನಾಲ್ಕನ್ನೂ ಎದುರುಬದುರು ಕುಳ್ಳಿರಿಸಿ ಮಾತನಾಡಿಸುವುದೇ ಜೀವನಚರಿತ್ರೆಯ ಕೆಲಸ. ಕಾಗದವನ್ನು ಬರೆದವರು ಯಾರೆಂದು ಕೇಳಿದರೆ ಸಾಲದು. ಅದನ್ನು ಇಟ್ಟುಕೊಂಡವರು ಯಾರು, ಏತಕ್ಕಾಗಿ ಇಟ್ಟುಕೊಂಡರು ಎಂದೂ ಕೇಳಬೇಕು.

ಮೀನುವ್ಯಾಪಾರಿಯ ಮಗಳು

ಏಮಿ ಹುಟ್ಟಿದುದು 1903ರ ಜುಲೈ 1ರಂದು, ಹಂಬರ್ ನದಿಯ ಅಳಿವೆಯ ದಡದಲ್ಲಿರುವ ಹಲ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಜಾನ್ ವಿಲಿಯಂ ಜಾನ್ಸನ್ನರದು ಅನುಕೂಲಸ್ಥವಾದ ಮೀನುವ್ಯಾಪಾರದ ಮನೆತನ. ನಾಲ್ವರು ಹೆಣ್ಣುಮಕ್ಕಳಲ್ಲಿ ಏಮಿ ಹಿರಿಯಳು. ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ಓದಿ ಪದವಿ ಪಡೆದು, ಬೆರಳಚ್ಚು ಕಲಿತು, ಕಡೆಗೆ ಲಂಡನ್ನಿನ ಒಂದು ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ಸೇರಿಕೊಂಡಳು. ಪತ್ರಿಕೆಗಳು ಮುಂದೆ ಆಕೆಯನ್ನು ‘ಬೆರಳಚ್ಚಿನ ಹುಡುಗಿ’ಯೆಂದು ಕೊಂಡಾಡಿದುದರ ಮೂಲ ಇಲ್ಲಿದೆ, ಪದವೀಧರೆಯೆಂಬ ಅಂಶ ಆ ಕೊಂಡಾಟದಲ್ಲಿ ಹಿಂದಕ್ಕೆ ಸರಿಯಿತು.

ಆಕೆಯ ಇಪ್ಪತ್ತರ ಹರೆಯದ ಅಂತರಂಗವು ನಮಗೆ ತಿಳಿದಿರುವುದಾದರೆ ಅದು ಒಂದು ಭಗ್ನಪ್ರಣಯದ ಕಾರಣದಿಂದ. 1922ರ ಸುಮಾರಿಗೆ ಹಲ್ ನಗರದಲ್ಲಿ ವ್ಯವಹಾರಕ್ಕಾಗಿ ನೆಲೆಸಿದ್ದ ಸ್ವಿಟ್ಜರ್ಲೆಂಡಿನ ಹಾನ್ಸ್ ಅರೆಗ್ಗರ್ ಎಂಬವನ ಪರಿಚಯವಾಗಿ, ಆರು ವರ್ಷಗಳ ಕಾಲ ಆಕೆ ಅವನಿಗೆ ನೂರಾರು ಪತ್ರಗಳನ್ನು ಬರೆದಳು. 1928ರಲ್ಲಿ ಅವನು ಬೇರೊಬ್ಬಳನ್ನು ಮದುವೆಯಾದನು; ಪತ್ರಗಳನ್ನು ಮಾತ್ರ ಸುಡಲಿಲ್ಲ. ಅವು ಇಂದು ಹಲ್ ನಗರದ ಸಾರ್ವಜನಿಕ ದಾಖಲೆಗಳ ಸಂಗ್ರಹದಲ್ಲಿವೆ. ಮುಂದೆ ಜಗತ್ಪ್ರಸಿದ್ಧಳಾಗುವೆನೆಂಬ ಅರಿವಿಲ್ಲದೆ, ಒಬ್ಬನು ಓದಲೆಂದು ಮಾತ್ರ ಬರೆದ ಬರಹ ಅದು. ಪ್ರಸಿದ್ಧಿ ಬಂದ ಮೇಲೆ, 1938ರಲ್ಲಿ, ‘ಮೈಸೆಲ್ಫ್ ವೆನ್ ಯಂಗ್’ ಎಂಬ ಸಂಕಲನಕ್ಕೆ ಆಕೆ ತನ್ನ ಬಾಲ್ಯಯೌವನಗಳ ಕಥನವನ್ನು ಬರೆದುಕೊಟ್ಟಳು. ಈ ಎರಡರಲ್ಲಿ ಯಾವುದು ಸತ್ಯವೆಂದು ಕೇಳುವುದು ಅವಿವೇಕವಾದೀತು. ಆದರೆ ವ್ಯಕ್ತಿಯ ಉಸಿರು ಕೇಳಬೇಕೆಂಬವನು ಪತ್ರಗಳಿಗೇ ಮೊದಲು ಕಿವಿಗೊಡಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ.

ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡರೆ ಇನ್ನೊಂದು ವಿಷಯ ಹೊಳೆಯುತ್ತದೆ. ಆ ಮದುವೆ ನಡೆದ 1928ರಲ್ಲಿಯೇ ಏಮಿ ಲಂಡನ್ನಿನ ಉತ್ತರಕ್ಕಿರುವ ಸ್ಟ್ಯಾಗ್ ಲೇನ್ ಮೈದಾನದಲ್ಲಿ ವಿಮಾನ ನಡೆಸುವುದನ್ನು ಕಲಿಯಲಾರಂಭಿಸಿದಳು. ದುಃಖವನ್ನು ಮರೆಯಲು ಹಾರಿದಳೆಂದು ಕಾದಂಬರಿಕಾರನು ಬರೆಯಬಹುದು. ಚರಿತ್ರಕಾರನು ಎರಡು ತಾರೀಖುಗಳನ್ನು ಕೊಟ್ಟು ಸುಮ್ಮನಿರುವುದೇ ಲೇಸು.

ಎಣ್ಣೆಜಿಡ್ಡಿನ ಕೈ

ಆಕೆಯ ಜೀವನದಲ್ಲಿ ಸಾಕಷ್ಟು ಗೌರವ ಸಲ್ಲದಿರುವ ಭಾಗ ಯಾವುದೆಂದರೆ ಸ್ಟ್ಯಾಗ್ ಲೇನಿನ ರಿಪೇರಿ ಕೊಟ್ಟಿಗೆಯಲ್ಲಿ ಕಳೆದ ಕಾಲ. ಕಚೇರಿಯ ಕೆಲಸದ ಹಿಂದುಮುಂದಿನ ಹೊತ್ತಿನಲ್ಲಿ ಅಲ್ಲಿಗೆ ಹೋಗಿ, ಜ್ಯಾಕ್ ಹಂಫ್ರೀಸ್ ಎಂಬ ನುರಿತ ಯಂತ್ರಜ್ಞನ ಕೈಕೆಳಗೆ ಎಂಜಿನನ್ನು ಬಿಚ್ಚುವುದು, ತೊಳೆಯುವುದು, ಮತ್ತೆ ಜೋಡಿಸುವುದು, ಇವನ್ನು ಕಲಿತಳು. 1929ರ ಜುಲೈಯಲ್ಲಿ ಚಾಲಕಿಯ ಪರವಾನಗಿ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಹಾರುವ ಮುನ್ನ ಎಂಜಿನನ್ನು ಪರೀಕ್ಷಿಸಿ ಸಹಿ ಹಾಕುವ ಅಧಿಕಾರವನ್ನು ಕೊಡುವ ಗ್ರೌಂಡ್ ಎಂಜಿನಿಯರ್ ಪರವಾನಗಿಯೂ ದೊರೆಯಿತು. ಬ್ರಿಟನ್ನಿನಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಆಕೆ. ಆಸ್ಟ್ರೇಲಿಯದವರೆಗಿನ ಪಯಣವನ್ನು ಸಾಧ್ಯಗೊಳಿಸಿದುದು ಚಾಲನೆಯ ಕೌಶಲಕ್ಕಿಂತ ಹೆಚ್ಚಾಗಿ ಈ ಎರಡನೆಯ ಕಾಗದವೆಂದು ನನ್ನ ತೀರ್ಮಾನ; ಏಕೆಂದರೆ ಹೊರಡುವಾಗ ಆಕೆಯ ಹಾರಾಟದ ಅನುಭವವೆಲ್ಲ ಸೇರಿ ನೂರು ಗಂಟೆಗಳಿಗೂ ಕಡಮೆ, ಅತಿ ದೀರ್ಘವಾದ ಹಾರಾಟವೆಂದರೆ ಲಂಡನ್ನಿನಿಂದ ತವರೂರಾದ ಹಲ್‌ವರೆಗಿನದು.

ವಿಮಾನವೂ ಹೊಸದಲ್ಲ. ಡಿ ಹ್ಯಾವಿಲೆಂಡ್ ಸಂಸ್ಥೆಯ ಜಿಪ್ಸಿ ಮಾತ್, ಒಮ್ಮೆ ಬಳಸಿದ್ದುದು, 600 ಪೌಂಡಿನ ಬೆಲೆಯದು. ಅರ್ಧ ಹಣ ತಂದೆಯದು, ಅರ್ಧ ಎಂಜಿನ್ ಎಣ್ಣೆಯ ಶ್ರೀಮಂತ ವರ್ತಕರಾದ ಲಾರ್ಡ್ ವೇಕ್‌ಫೀಲ್ಡರದು. ಮರದ ಚೌಕಟ್ಟು, ಅದರ ಮೇಲೆ ಬಿಗಿದು ರೋಗನು ಬಳಿದ ಬಟ್ಟೆ, ನಾಲ್ಕು ಸಿಲಿಂಡರುಗಳ ಸುಮಾರು ನೂರು ಅಶ್ವಶಕ್ತಿಯ ಎಂಜಿನು. ರೇಡಿಯೋ ಇಲ್ಲ. ಇನ್ನೊಬ್ಬರು ಕುಳಿತುಕೊಳ್ಳಬೇಕಾದ ಸ್ಥಳದಲ್ಲಿ ಹೆಚ್ಚುವರಿ ಪೆಟ್ರೋಲಿನ ತೊಟ್ಟಿ. ಅದರಿಂದ ಮೇಲಿನ ತೊಟ್ಟಿಗೆ ಇಂಧನವನ್ನು ಕೈಪಂಪಿನಿಂದ ಏರಿಸುತ್ತ, ಅದರ ವಾಸನೆಗೆ ಹೊಟ್ಟೆ ತೊಳಸಿದರೂ ಬಿಡದೆ, ಮೊಣಕಾಲ ಮೇಲಿನ ನಕ್ಷೆಯನ್ನು ನೋಡುತ್ತ ಗಂಟೆಗಟ್ಟಲೆ ಕುಳಿತಿರಬೇಕು. ವಿಮಾನದ ಪಕ್ಕಕ್ಕೆ ಒಂದು ಬದಲಿ ಪ್ರೊಪೆಲರನ್ನು ಕಟ್ಟಿಕೊಂಡಿದ್ದಳು.

ವಿಮಾನದ ಹೆಸರು ‘ಜೇಸನ್’. ಸುವರ್ಣಮಯವಾದ ಉಣ್ಣೆಯನ್ನು ಅರಸುತ್ತ ಕಡಲನ್ನು ದಾಟಿದ ಗ್ರೀಕ್ ಪುರಾಣದ ವೀರನ ನೆನಪಿಗಾಗಿ ಇಟ್ಟ ಹೆಸರೆಂದು ಯಾರಾದರೂ ಊಹಿಸುವರು. ವಾಸ್ತವದಲ್ಲಿ ಅದು ತಂದೆಯ ಮೀನಿನ ವ್ಯಾಪಾರದ ಮುದ್ರೆಯ ಹೆಸರು. ಮನೆತನದ ವ್ಯಾಪಾರದ ಕಾಗದಗಳನ್ನು ನೋಡದವನು ಇಲ್ಲಿ ಒಂದು ಸೊಗಸಾದ ತಪ್ಪನ್ನು ಬರೆದುಬಿಡುತ್ತಿದ್ದನು.

ಕರಾಚಿಯಿಂದ ರಂಗೂನಿಗೆ

ಮೇ 5ರಂದು ಕ್ರಾಯ್ಡನ್ನಿನಿಂದ ಹೊರಟಾಗ ಬೀಳ್ಕೊಡಲು ಬಂದವರು ಕೆಲವರೇ. ವಿಯೆನ್ನ, ಕಾನ್‌ಸ್ಟಾಂಟಿನೋಪಲ್, ಅಲೆಪ್ಪೊ, ಬಾಗ್ದಾದ್, ಬಂದರ್ ಅಬ್ಬಾಸ್ ಎಂದು ದಿನಕ್ಕೊಂದು ನೆಲೆಯನ್ನು ಹಿಡಿಯುತ್ತ, ಬಾಗ್ದಾದಿನ ದಾರಿಯಲ್ಲಿ ಮರಳಿನ ಬಿರುಗಾಳಿಗೆ ಸಿಕ್ಕಿ ಮರುಭೂಮಿಯಲ್ಲೇ ಇಳಿದು ಗಾಳಿ ತಗ್ಗುವವರೆಗೆ ಕಾದಿದ್ದು, ಮೇ 10ರಂದು ಕರಾಚಿಯನ್ನು ಸೇರಿದಳು. ಎರಡು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿದ್ದ ಆಸ್ಟ್ರೇಲಿಯದ ಬರ್ಟ್ ಹಿಂಕ್ಲರ್ ಕರಾಚಿಯನ್ನು ಮುಟ್ಟಲು ಎರಡು ದಿನ ಹೆಚ್ಚು ತೆಗೆದುಕೊಂಡಿದ್ದನು. ಜಗತ್ತಿನ ಪತ್ರಿಕೆಗಳು ಕಣ್ಣು ತೆರೆದುದು ಆಗ.

ಝಾನ್ಸಿಯಲ್ಲಿ ಮುರಿದ ರೆಕ್ಕೆಯನ್ನು ಊರಿನ ಬಡಗಿಯೊಬ್ಬನ ನೆರವಿನಿಂದ ಸರಿಪಡಿಸಿಕೊಂಡು, ಮರುದಿನ ಅಲಹಾಬಾದಿನ ಮೇಲೆ ಕಲಕತ್ತೆಗೆ, ಮೇ 13ರಂದು ರಂಗೂನಿಗೆ. ಅಲ್ಲಿ ಮಳೆಯ ಮಬ್ಬಿನಲ್ಲಿ ಕುದುರೆಜೂಜಿನ ಮೈದಾನವನ್ನು ಕಾಣದೆ, ಇನ್‌ಸೇನ್ ಎಂಬಲ್ಲಿ ಒಂದು ತಾಂತ್ರಿಕ ವಿದ್ಯಾಲಯದ ಆಟದ ಬಯಲಿನಲ್ಲಿ ಇಳಿದು ಹಳ್ಳಕ್ಕೆ ಬಿದ್ದಳು. ಪ್ರೊಪೆಲರ್ ಮುರಿಯಿತು, ರೆಕ್ಕೆಯ ಬಟ್ಟೆ ಹರಿಯಿತು. ಕಟ್ಟಿ ತಂದಿದ್ದ ಬದಲಿ ಪ್ರೊಪೆಲರ್ ಕೆಲಸಕ್ಕೆ ಬಂದಿತು. ರೆಕ್ಕೆಗೆ ಬೇಕಾದ ಬಟ್ಟೆಯನ್ನು, ಮಹಾಯುದ್ಧದ ಕಾಲದಲ್ಲಿ ಉಳಿದ ವಿಮಾನದ ಬಟ್ಟೆಯಿಂದ ಹೊಲಿದಿದ್ದ ಅಂಗಿಗಳ ಹೊಲಿಗೆ ಬಿಚ್ಚಿ ಒದಗಿಸಿದರು. ಹೀಗೆ ಊರೂರಿನ ಕೈಗಳು ಮುಟ್ಟಿ ಕಳುಹಿಸಿದ ಆ ವಿಮಾನವು ಬ್ಯಾಂಕಾಕ್ ನಗರವನ್ನೂ ಸಿಂಗಪುರ, ಜಾವಾ, ತಿಮೋರ್ ದ್ವೀಪಗಳನ್ನೂ ಹಾದು, ಮೇ 24ರಂದು ಆಸ್ಟ್ರೇಲಿಯದ ಡಾರ್ವಿನ್ನಿನಲ್ಲಿ ಇಳಿಯಿತು. ಸುಮಾರು 11,000 ಮೈಲಿ, ಹತ್ತೊಂಬತ್ತೂವರೆ ದಿನ. ಹಿಂಕ್ಲರನ ದಾಖಲೆ ಹದಿನೈದೂವರೆ ದಿನಗಳದು. ಏಮಿ ಅದನ್ನು ಮುರಿಯಲಿಲ್ಲ. ಮುರಿದಳೆಂದು ಬರೆಯುವವರನ್ನು ಕಂಡಾಗಲೆಲ್ಲ, ಇದ್ದ ಗೌರವ ಸಾಲದೆಂದು ಇಲ್ಲದ ಗೌರವವನ್ನು ಏಕೆ ಹೊರಿಸುವರೋ ಎಂದು ನನಗೆ ವ್ಯಥೆಯಾಗುತ್ತದೆ.

ಈ ವಾರಗಳ ಭಾರತೀಯ ಪತ್ರಿಕೆಗಳನ್ನು ತೆರೆಯುವ ಸಂಶೋಧಕನು ಇನ್ನೊಂದನ್ನು ಮರೆಯಬಾರದು. ಏಮಿ ಕ್ರಾಯ್ಡನ್ನನ್ನು ಬಿಟ್ಟ ಮೇ 5ರ ನಡುರಾತ್ರಿಯೇ ಗುಜರಾತಿನ ಕರಾಡಿ ಗ್ರಾಮದಲ್ಲಿ ಗಾಂಧೀಜಿಯವರ ಬಂಧನವಾಯಿತು. ಆಕೆ ಡಾರ್ವಿನ್ನನ್ನು ಸೇರುವುದಕ್ಕೆ ಮೂರು ದಿನ ಮುಂಚೆ ಧರಾಸನದ ಉಪ್ಪಿನ ಆಗರದೆದುರು ಸತ್ಯಾಗ್ರಹಿಗಳ ತಲೆ ಒಡೆಯಿತು. ನಮ್ಮ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದುದು ಆ ಹಿಂದಿನ ತಿಂಗಳು. ಝಾನ್ಸಿಯ ಕವಾಯತು ಮೈದಾನದಲ್ಲಿ ಆಕೆಯನ್ನು ಎದುರುಗೊಂಡ ಸೈನ್ಯವು ಯಾವ ನಾಡಿನಲ್ಲಿ, ಯಾವ ದಿನಗಳಲ್ಲಿ ನಿಂತಿದ್ದ ಸೈನ್ಯವೆಂಬುದು ಆಂಗ್ಲ ಚರಿತ್ರಕಾರನಿಗಿಂತ ನಮಗೆ ಬೇಗನೆ ಹೊಳೆಯುವ ಮಾತು. ಅದೇ ಋತುವಿನಲ್ಲಿ, ಆಗಾಖಾನರ ಬಹುಮಾನಕ್ಕಾಗಿ, ಭಾರತಕ್ಕೂ ಇಂಗ್ಲೆಂಡಿಗೂ ನಡುವೆ ಆಸ್ಪಿ ಎಂಜಿನಿಯರ್, ಜೆ. ಆರ್. ಡಿ. ಟಾಟಾ, ಮನಮೋಹನ ಸಿಂಗ್ ಎಂಬ ಮೂವರು ಭಾರತೀಯ ತರುಣರು ಒಂಟಿಯಾಗಿ ಹಾರುತ್ತಿದ್ದರು. ಬಹುಮಾನವನ್ನು ಗೆದ್ದ ಆಸ್ಪಿಯವರಿಗೆ ಆಗ ಇನ್ನೂ ಹದಿನೇಳು ವರ್ಷ. ಮುಂದೆ ಅವರು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ನಡೆಸಿ, 1960ರಲ್ಲಿ ಭಾರತೀಯ ವಾಯುಸೇನೆಯ ಮುಖ್ಯಸ್ಥರಾದರು.

ಕೀರ್ತಿ ಮುಚ್ಚಿದ ಮುಖ

ಡಾರ್ವಿನ್ನಿನ ನಂತರ ಕಾಗದಗಳ ರಾಶಿ ಬೆಳೆಯುತ್ತದೆ, ಅವುಗಳ ತೂಕ ಕಡಮೆಯಾಗುತ್ತದೆ. ಲಂಡನ್ನಿನ ಒಂದು ದೊಡ್ಡ ದಿನಪತ್ರಿಕೆ 10,000 ಪೌಂಡುಗಳ ಒಪ್ಪಂದ ಮಾಡಿಕೊಂಡಿತು. ಆಕೆಯ ಹೆಸರಿನಲ್ಲಿ ಹಾಡು ಹುಟ್ಟಿತು. ಅರಸನು ಬಿರುದು ಕೊಟ್ಟನು. ವಾರ್ತೆಗೆ ಹಣ ಕೊಟ್ಟವನ ಪುಟದಲ್ಲಿ ವಾರ್ತೆಯ ಮುಖ ಕೊಟ್ಟವನ ಇಚ್ಛೆಯಂತೆ ತಿರುಗುವುದುಂಟು. ಆದುದರಿಂದ ಆ ಕಾಲದ ಅಚ್ಚಾದ ಪುಟಗಳಿಗಿಂತ, ತಂದೆತಾಯಿಗಳಿಗೆ ಬರೆದ ಓಲೆಗಳೇ ಈ ಅವಧಿಗೂ ದಾರಿದೀಪ.

1931ರಲ್ಲಿ ಹಂಫ್ರೀಸನೊಡನೆ ಟೋಕಿಯೋ ಪ್ರಯಾಣ. 1932ರಲ್ಲಿ ಜಿಮ್ ಮಾಲಿಸನ್ ಎಂಬ ಸ್ಕಾಟಿಷ್ ವೈಮಾನಿಕನೊಡನೆ ವಿವಾಹ, ಅದೇ ವರ್ಷ ಕೇಪ್‌ಟೌನಿಗೆ ಒಂಟಿಯಾಗಿ ಹೋಗಿ ಗಂಡನ ದಾಖಲೆಯನ್ನೇ ಮುರಿದುದು. 1933ರಲ್ಲಿ ದಂಪತಿಗಳು ಅಟ್ಲಾಂಟಿಕ್ ದಾಟಿ ಅಮೆರಿಕದ ಬ್ರಿಜ್‌ಪೋರ್ಟಿನಲ್ಲಿ ಬಿದ್ದು ಗಾಯಗೊಂಡುದು. 1934ರ ಲಂಡನ್–ಮೆಲ್ಬರ್ನ್ ಪಂದ್ಯದಲ್ಲಿ ಇಬ್ಬರೂ ಕರಾಚಿಯವರೆಗೆ ದಾಖಲೆಯ ವೇಗದಲ್ಲಿ ಬಂದು, ಆ ಬಳಿಕ ದಾರಿ ತಪ್ಪಿ, ಎಂಜಿನ್ ಕೆಟ್ಟು, ಅಲಹಾಬಾದಿನಲ್ಲಿ ಸ್ಪರ್ಧೆಯನ್ನು ಬಿಡಬೇಕಾಯಿತು. 1938ರಲ್ಲಿ ವಿವಾಹವೂ ಮುರಿಯಿತು.

ಭೂತಗನ್ನಡಿ ಹಿಡಿದ ಚರಿತ್ರಕಾರ್ತಿ

ಏಮಿಯ ಜೀವನದ ಗಂಭೀರವಾದ ಮೊದಲ ಪರಿಶೋಧನೆಯನ್ನು ಮಾಡಿದವರು ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್. ಅವರ ಗ್ರಂಥ 1967ರಲ್ಲಿ ಹೊರಬಂದಿತು. ಎರಡನೆಯ ಮಹಾಯುದ್ಧದಲ್ಲಿ, ವಿಮಾನದಿಂದ ತೆಗೆದ ಶತ್ರುನೆಲದ ಚಿತ್ರಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸುವುದು ಈಕೆಯ ಕೆಲಸವಾಗಿದ್ದಿತು. 1943ರಲ್ಲಿ ಜರ್ಮನಿಯ ಪೀನಮುಂಡೆಯ ಚಿತ್ರವೊಂದರಲ್ಲಿ, ಇಳಿಜಾರು ಹಳಿಯ ಮೇಲೆ ಕುಳಿತಿದ್ದ ಚಾಲಕರಹಿತ ಬಾಂಬಿನ ಒಂದು ಚುಕ್ಕೆಯಷ್ಟು ರೂಪವನ್ನು ಗುರುತಿಸಿದವರು ಈಕೆ. ಚುಕ್ಕೆಯನ್ನು ಚುಕ್ಕೆಯೆಂದು ಬಿಟ್ಟುಬಿಡದ ಕಣ್ಣು ಅದು; ಹಾಗೆಯೇ ಚುಕ್ಕೆಯಲ್ಲಿ ಇಲ್ಲದುದನ್ನು ಇದೆಯೆನ್ನದ ಸಂಯಮವೂ ಆ ವೃತ್ತಿಗೆ ಬೇಕು. ಅರೆಗ್ಗರನಿಗೆ ಬರೆದ ಪತ್ರಗಳನ್ನು ಈ ಕಣ್ಣು ಓದಿದುದು ಏಮಿಯ ಭಾಗ್ಯ. ಪತ್ರಿಕೆಗಳು ಕಟ್ಟಿದ ನಗುಮುಖದ ಗೊಂಬೆಯ ಹಿಂದೆ ಅಸಹನೆ, ಅಸೂಯೆ, ಹಟ, ಒಂಟಿತನ, ಬುದ್ಧಿಗಳೆಲ್ಲ ಇದ್ದ ಒಬ್ಬ ಹೆಂಗಸು ಎದ್ದು ಬಂದಳು. 2003ರಲ್ಲಿ, ಏಮಿಯ ಜನ್ಮಶತಾಬ್ದಿಯ ವರ್ಷ, ಮಿಜ್ ಗಿಲೀಸ್ ಮತ್ತೊಂದು ವಿಸ್ತಾರವಾದ ಚರಿತ್ರೆಯನ್ನು ಬರೆದರು.

ಥೇಮ್ಸಿನ ಅಳಿವೆಯಲ್ಲಿ

ಇಡೀ ಚರಿತ್ರೆಯಲ್ಲಿ ಹೆಚ್ಚು ಕಾಗದ ಖರ್ಚಾಗಿರುವುದು ಒಂದು ಅಪರಾಹ್ಣಕ್ಕಾಗಿ. ಯುದ್ಧ ಬಂದ ಮೇಲೆ, 1940ರಲ್ಲಿ, ಸೇನೆಯ ವಿಮಾನಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ ಎಂಬ ಸಂಸ್ಥೆಗೆ ಏಮಿ ಸೇರಿದಳು. 1941ರ ಜನವರಿ 5ರಂದು, ಏರ್‌ಸ್ಪೀಡ್ ಆಕ್ಸ್‌ಫರ್ಡ್ ಎಂಬ ಜೋಡಿ ಎಂಜಿನಿನ ವಿಮಾನವನ್ನು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡ್ ಪಟ್ಟಣದ ಬಳಿಯ ಕಿಡ್ಲಿಂಗ್ಟನ್ನಿಗೆ ಒಯ್ಯಲು ಹೊರಟಳು. ಹವೆ ಕೆಟ್ಟಿದ್ದಿತು, ಮೋಡ ನೆಲಕ್ಕೆ ಇಳಿದಿದ್ದಿತು. ತಲಪಲು ಒಂದು ಗಂಟೆಗೆ ಸ್ವಲ್ಪ ಹೆಚ್ಚು ಸಾಕಾಗಿದ್ದ ಆ ದಾರಿಯನ್ನು ಬಿಟ್ಟು, ಸುಮಾರು ನಾಲ್ಕು ಗಂಟೆಗಳ ನಂತರ, ಬಹುದೂರ ಪೂರ್ವಕ್ಕೆ, ಥೇಮ್ಸ್ ನದಿಯ ಅಳಿವೆಯಲ್ಲಿ, ಹರ್ನ್ ಬೇ ತೀರದಾಚೆ, ಒಂದು ಪ್ಯಾರಾಚೂಟು ನೀರಿಗಿಳಿಯುವುದನ್ನು ನೌಕಾತಂಡದವರು ಕಂಡರು. ಹ್ಯಾಸಲ್‌ಮಿಯರ್ ಎಂಬ ಹಡಗು ಹತ್ತಿರಕ್ಕೆ ಬಂದಿತು. ಹೆಣ್ಣಿನ ಧ್ವನಿ ಕೇಳಿಸಿತು. ಎಸೆದ ಹಗ್ಗ ಕೈಗೆ ಸಿಕ್ಕಲಿಲ್ಲ. ಹಡಗಿನ ಅಧಿಪತಿ ವಾಲ್ಟರ್ ಫ್ಲೆಚರ್ ಕೊರೆಯುವ ನೀರಿಗೆ ತಾನೇ ಧುಮುಕಿ ಈಜಿದನು. ಮೈಮರೆತವನನ್ನು ಮೇಲೆತ್ತಿದರೂ ಅವನು ಬದುಕಲಿಲ್ಲ. ಆಕೆಯ ಚೀಲ, ಹಾರಾಟದ ಪುಸ್ತಕ, ಚೆಕ್ಕು ಪುಸ್ತಕಗಳು ತೇಲುತ್ತಿದ್ದುದು ಸಿಕ್ಕಿತು. ದೇಹ ಸಿಕ್ಕಲೇ ಇಲ್ಲ. 1943ರ ಡಿಸೆಂಬರಿನಲ್ಲಿ ನ್ಯಾಯಾಲಯ ಆಕೆ ಮೃತಳೆಂದು ಒಪ್ಪಿಕೊಂಡಿತು. ಆ ವೇಳೆಗೆ ಆಕೆಯ ಜೀವನದ ಚಲನಚಿತ್ರ ಬಂದು ಒಂದು ವರ್ಷವೇ ಕಳೆದಿದ್ದಿತು.

ಅಲ್ಲಿಂದ ಊಹೆಗಳ ಸಾಲು. ವಿಮಾನದಲ್ಲಿ ಎರಡನೆಯವರೊಬ್ಬರಿದ್ದರೆಂದು ಕೆಲವರು. ರಹಸ್ಯಕಾರ್ಯಕ್ಕೆ ಹೋಗಿದ್ದಳೆಂದು ಕೆಲವರು. 1999ರಲ್ಲಿ, ಆಗ ವಿಮಾನವಿರೋಧಿ ತೋಪಿನ ದಳದಲ್ಲಿದ್ದ ವೃದ್ಧನೊಬ್ಬನು, ಗುರುತಿನ ಸಂಕೇತವನ್ನು ತಪ್ಪಾಗಿ ಕೊಟ್ಟ ಆ ವಿಮಾನವನ್ನು ತಾವೇ ಹೊಡೆದುರುಳಿಸಿದೆವೆಂದು ಹೇಳಿದನು. ಹಡಗಿನ ಪ್ರೊಪೆಲರಿಗೆ ಆಕೆ ಸಿಕ್ಕಿದಳೆಂಬ ವಾದವೂ ಇದೆ. ಇವುಗಳಲ್ಲಿ ಪ್ರತಿಯೊಂದನ್ನೂ ತೂಗುವಾಗ ಸಂಶೋಧಕನು ನೋಡಬೇಕಾದುದು ಮೂರು ಸಂಗತಿ: ಮಾತು ಎಷ್ಟು ವರ್ಷಗಳ ನಂತರ ಹೊರಬಂದಿತು, ಹೇಳಿದವನು ಅಂದು ಎಲ್ಲಿ ನಿಂತಿದ್ದನು, ಅದೇ ದಿನ ಬರೆದ ಕಾಗದ ಅದನ್ನು ತಾಳುತ್ತದೆಯೇ. ಐವತ್ತೆಂಟು ವರ್ಷಗಳ ಮೇಲಿನ ನೆನಪು ಪ್ರಾಮಾಣಿಕವಾಗಿದ್ದೂ ತಪ್ಪಾಗಿರಬಹುದು. ಮೋಡದ ಮೇಲೆ ದಾರಿ ತಪ್ಪಿ, ಇಂಧನ ತೀರಿ, ಕೆಳಗೆ ನೆಲವೆಂದೆಣಿಸಿ ಹಾರಿಕೊಂಡಳೆಂಬ ವಿವರಣೆಯಲ್ಲಿ ರೋಮಾಂಚವಿಲ್ಲ. ಆದರೆ ಗಂಟೆಗಳ ಲೆಕ್ಕವೂ ಹವೆಯ ಸ್ಥಿತಿಯೂ ಅದರ ಪಕ್ಷದಲ್ಲಿವೆಯಾಗಿ, ನನ್ನ ಮನಸ್ಸು ಅದರತ್ತಲೇ ವಾಲುತ್ತದೆ.

ನಮ್ಮ ಪೆಟ್ಟಿಗೆಗಳು

ಜೇಸನ್ ವಿಮಾನ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಪದಕ, ಪಾರಿತೋಷಕ, ಸ್ಮಾರಕವಸ್ತುಗಳು ಯಾರ್ಕ್‌ಷೈರಿನ ಸೀವರ್ಬಿ ಹಾಲ್ ಎಂಬ ಸೌಧದಲ್ಲಿವೆ. ಅವನ್ನು ಕೊಟ್ಟವರು ತಂದೆ. ಪತ್ರಗಳು ಹಲ್ ನಗರದಲ್ಲಿವೆ. ಪ್ರೀತಿಯಿಂದಲೋ ಶೋಕದಿಂದಲೋ ಯಾರೋ ಎಸೆಯದೆ ಇಟ್ಟುದರ ಫಲವಾಗಿ ಆಕೆ ನಮಗೆ ಉಳಿದಿದ್ದಾಳೆ.

ಇದನ್ನು ಓದುತ್ತಿರುವ ಬಳ್ಳಾರಿಯ ಕಡೆಯವರಿಗೆ ಒಂದು ಮಾತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ಹೊತ್ತು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಅವರು ಹಾರಿಸಿದುದು ಪಸ್ ಮಾತ್ ವಿಮಾನ. ಮರುತಿಂಗಳು ಏಮಿ ಕೇಪ್‌ಟೌನಿಗೆ ಹಾರಿದುದೂ ಅದೇ ಜಾತಿಯದರಲ್ಲಿ. ಆ ದಿನಗಳಲ್ಲಿ ಬಳ್ಳಾರಿಯ ಮೈದಾನಕ್ಕೆ ಹೋಗಿ ವಿಮಾನವನ್ನು ನೋಡಿಬಂದ ಅಜ್ಜನೋ, ಅದಕ್ಕೆ ಪೆಟ್ರೋಲು ತುಂಬಿದ ಮಾವನೋ, ವಿಮಾನದ ಅಂಚೆಯಲ್ಲಿ ಕಾಗದ ಪಡೆದ ವರ್ತಕನೋ ನಿಮ್ಮ ಮನೆಯವರಾಗಿದ್ದರೆ, ಅವರ ಟ್ರಂಕಿನಲ್ಲಿ ಒಂದು ಲಕೋಟೆ, ಒಂದು ಮಸುಕಾದ ಚಿತ್ರ, ದಿನಚರಿಯ ಒಂದು ಸಾಲು ಇದ್ದೀತು. ದಯಮಾಡಿ ಅದನ್ನು ಹಳೆಯ ಕಾಗದದವನಿಗೆ ಹಾಕಬೇಡಿ. ಹಿಂಬದಿಯಲ್ಲಿ ಹೆಸರು, ಊರು, ಇಸವಿಗಳನ್ನು ಪೆನ್ಸಿಲಿನಲ್ಲಿ ಬರೆದು, ಹತ್ತಿರದ ಒಂದು ಗ್ರಂಥಾಲಯಕ್ಕೋ ಕಾಲೇಜಿನ ಇತಿಹಾಸ ವಿಭಾಗಕ್ಕೋ ತೋರಿಸಿ.